ತಿಳಿನೀರೆಲ್ಲ ಕುಡಿಯುವ ನೀರಲ್ಲ

ಕೃಷಿ ಪುಟದಲ್ಲಿ ಕುಡಿಯುವ ನೀರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ಉಂಟು. ಕನ್ನಂಬಾಡಿ ಮತ್ತು ಕಬಿನಿ ಅಣೆಕಟ್ಟೆಗಳು ತುಂಬಿ ಹೊರಕ್ಕೆ ನೀರು ಬಿಡುವ ಕಾಲವೂ, ನಮ್ಮ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಗದ್ದೆಬಯಲಿನಲ್ಲಿ ಒಟ್ಲು ಪೈರು ನಾಟಿಗೆ ಬರುವ ಕಾಲವೂ ಬಹುಮಟ್ಟಿಗೆ ಒಂದೇ. ಜುಲೈ ಕೊನೆ, ಆಗಸ್ಟ್ ಮೊದಲು. ಆ ಹದಿನೈದು ದಿನಗಳಲ್ಲಿ ಮನೆಯ ಇಬ್ಬರು ವಾಂತಿಭೇದಿ ಹತ್ತಿ ಮಲಗಿದರೆ, 25 ದಿನಕ್ಕೆ ಕೀಳಬೇಕಾದ ಪೈರು 40 ದಿನ ಒಟ್ಲಿನಲ್ಲೇ ಬಲಿಯುತ್ತದೆ. ಬಲಿತ ಪೈರಿಗೆ ತೆಂಡೆ ಕಡಿಮೆ; ತೆಂಡೆ ಕಡಿಮೆಯಾದರೆ ತೆನೆ ಕಡಿಮೆ. ಇದು ಬೆಳೆಯ ಲೆಕ್ಕ. ಮನೆಯಲ್ಲಿ ಎರಡು ವರ್ಷದ ಕೂಸಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

2018, 2019 ಮತ್ತು 2024ರ ಮಳೆಗಾಲಗಳನ್ನು ಹೊಳೆಸಾಲಿನ ಊರಿನವರು ಮರೆತಿರಲಾರರು. ವಯನಾಡಿನಲ್ಲಿ ಮಳೆ ಸುರಿದರೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ತುಂಬುತ್ತದೆ. ಕೊಡಗಿನಲ್ಲಿ ಸುರಿದರೆ ಕನ್ನಂಬಾಡಿ ತುಂಬುತ್ತದೆ. ಕಪಿಲೆ ಏರಿದಾಗ ನಂಜನಗೂಡಿನ ಸ್ನಾನಘಟ್ಟ ಮುಳುಗಿ, ಮಲ್ಲನಮೂಲೆಯ ಬಳಿ ಊಟಿ ರಸ್ತೆಯ ಮೇಲೆ ನೀರು ಹರಿಯುತ್ತದೆ. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡಿದ ಮೇಲೆ ಎರಡು ಹೊಳೆಗಳ ಭಾರವೂ ತಲಕಾಡಿನ ತಿರುವಿಗೆ ಬೀಳುತ್ತದೆ. ಇನ್ನೂ ಕೆಳಗೆ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂತಹ ಊರುಗಳನ್ನು ನೀರು ಸುತ್ತುವರಿಯುತ್ತದೆ.

ಇಂತಹ ದಿನಗಳಲ್ಲಿ ಮೊದಲು ಕೈಕೊಡುವುದು ವಿದ್ಯುತ್ತು. ಕಂಬ ಉರುಳಿದರೂ ಹೋಗುತ್ತದೆ, ಅಪಾಯವಾಗದಿರಲೆಂದು ಅವರೇ ತೆಗೆದರೂ ಹೋಗುತ್ತದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದೇ ಆಯಿತು, ನಾನು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಘಟಕ ಬಂದ ಮೇಲೆ ಊರ ಸೇದುವ ಬಾವಿಗಳು ಕಸದ ಗುಂಡಿಗಳಾದವು; ನೀರನ್ನು ಸೋಸುವುದು, ಕಾಯಿಸುವುದು, ಬಾವಿಗೆ ಮದ್ದು ಹಾಕುವುದು ಎಲ್ಲವೂ ಅಜ್ಜಿಯರ ಕಾಲದ ಮಾತಾಯಿತು. ವಿದ್ಯುತ್ತು ಹೋದ ದಿನ ಘಟಕವೆಂದರೆ ಬರಿಯ ತಗಡಿನ ಕೋಣೆ. ಟ್ಯಾಂಕರು ಬರುತ್ತದೆ, ಬಂದೇ ಬರುತ್ತದೆ, ಆದರೆ ರಸ್ತೆಯ ಮೇಲಿನ ನೀರು ಇಳಿದ ಮೇಲೆ. ಆ ನಡುವಿನ ಎರಡು ಮೂರು ದಿನಗಳದ್ದೇ ಈ ಲೇಖನದ ಪ್ರಶ್ನೆ.

ಆಗ ಜನ ಏನು ಮಾಡುತ್ತಾರೆ? ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಕುಡಿಯುತ್ತಾರೆ. ಬೇಡವೆಂದರೆ, ಹರಿಯುವ ನೀರಿಗೆ ಮೈಲಿಗೆಯಿಲ್ಲ ಎನ್ನುತ್ತಾರೆ. ಮೈಲಿಗೆ ಇಲ್ಲದಿರಬಹುದು, ಆ ವಿಚಾರದಲ್ಲಿ ನಾನು ವಾದಿಸಲಾರೆ. ಕಾವೇರಿ ಕಪಿಲೆಯರನ್ನು ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವುದಕ್ಕೂ ನನ್ನ ತಕರಾರಿಲ್ಲ. ಆದರೆ ಮೈಲಿಗೆ ಬೇರೆ, ರೋಗಾಣು ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು 2018ರಲ್ಲಿ ಹೊರತಂದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಸೇರಿದೆ. ಇದು ಸಾಮಾನ್ಯ ದಿನಗಳ ಮಾತು. ಪ್ರವಾಹ ಬಂದಾಗ ಹೊಳೆಯು ಮೇಲಿನ ಊರುಗಳ ತಿಪ್ಪೆ, ಚರಂಡಿ, ಕಕ್ಕಸು ಗುಂಡಿ, ಸತ್ತ ಜಾನುವಾರು ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಮೇಲಿನ ಊರಿಗೆ ನಾವು ಕೆಳಗಿನವರು. ನಮ್ಮ ಕೆಳಗೆ ಇನ್ನೊಂದು ಊರು.

ಪ್ರವಾಹವೇ ಬರಬೇಕೆಂದೂ ಇಲ್ಲ. 2024ರ ಮೇ ತಿಂಗಳಲ್ಲಿ, ಬಿರುಬೇಸಿಗೆಯಲ್ಲಿ, ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು. ಒಬ್ಬ ಯುವಕ ಪ್ರಾಣ ಬಿಟ್ಟ. ಮೈಸೂರು ನಗರದ ಮಗ್ಗುಲಿನ ಹಳ್ಳಿ ಅದು. ಆಸ್ಪತ್ರೆಗಳಿಗೆ ಅಷ್ಟು ಸಮೀಪವಿದ್ದ ಊರಿನಲ್ಲೇ ಹೀಗಾದರೆ, ಸುತ್ತ ನೀರು ನಿಂತು ದಾರಿ ಮುಚ್ಚಿದ ಊರಿನ ಗತಿ ಏನೆಂದು ನೀವೇ ಊಹಿಸಿ.

ಇನ್ನು ನಮ್ಮ ತಲಕಾಡಿನ ಕಡೆಯ ದೊಡ್ಡ ನಂಬಿಕೆಯೊಂದಿದೆ. ಅದು ಮರಳಿನ ಒರತೆ. ಮರಳಲ್ಲಿ ಮೊಣಕೈ ಆಳ ತೋಡಿದರೆ ಸ್ಫಟಿಕದಂತಹ ನೀರು ಒಸರುತ್ತದೆ. ಪಂಚಲಿಂಗ ದರ್ಶನಕ್ಕೆ ಬಂದವರು, ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದವರು, ದನ ಮೇಯಿಸುವ ಹುಡುಗರು ಎಲ್ಲರೂ ಇದನ್ನು ಬೊಗಸೆಯಲ್ಲಿ ಎತ್ತಿ ಕುಡಿದವರೇ. ಮರಳು ಸೋಸಿಕೊಟ್ಟ ನೀರಿಗೆ ದೋಷವೆಲ್ಲಿಯದು ಎಂಬುದು ವಾದ. ಈ ವಾದವನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವೆಂಬುದೇ ತೊಂದರೆ.

ಆ ಅರ್ಧ ಸತ್ಯ ಎಂತಹುದು ಎಂಬುದಕ್ಕೆ ಜರ್ಮನಿಯ ಒಂದು ಸಂಗತಿ ಹೇಳಬೇಕು. ಅಲ್ಲಿ ಎಲ್ಬೆ ಎಂಬ ಹೊಳೆಯ ದಂಡೆಯಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಗಡಿಯೆಂದರೆ ಒಂದು ಬೀದಿ. 1892ರಲ್ಲಿ ಹ್ಯಾಂಬರ್ಗಿಗೆ ಕಾಲರಾ ತಗುಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನ ಬಹುಮಟ್ಟಿಗೆ ಉಳಿದುಕೊಂಡಿತು. ವಿಚಿತ್ರವೆಂದರೆ ಆಲ್ಟೋನದವರು ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಕೊಳಚೆ ಹೊಳೆಗೆ ಬಿದ್ದ ಮೇಲೆ, ಅದರ ಕೆಳಭಾಗದಲ್ಲಿ. ವ್ಯತ್ಯಾಸ ಇಷ್ಟೇ: ಹ್ಯಾಂಬರ್ಗಿನವರು ಹೊಳೆಯ ನೀರನ್ನು ಸೋಸದೆ ಕೊಳಾಯಿಗೆ ಬಿಟ್ಟಿದ್ದರು, ಆಲ್ಟೋನದವರು ಮರಳಿನ ಹಾಸಿನ ಮೂಲಕ ಇಳಿಸಿ ಬಿಡುತ್ತಿದ್ದರು. ಮರಳು ಊರನ್ನು ಉಳಿಸಿತು.

ಹಾಗಾದರೆ ತಲಕಾಡಿನ ಮರಳೇಕೆ ಉಳಿಸಲಾರದು? ಆಲ್ಟೋನದ ಮರಳು ಕೊಳಗಳಲ್ಲಿ ನೀರು ಬಹು ನಿಧಾನವಾಗಿ, ಗಂಟೆಗೆ ಗೇಣುದ್ದವೂ ಇಲ್ಲದಷ್ಟು ನಿಧಾನವಾಗಿ, ಇಳಿಯುತ್ತಿತ್ತು. ವಾರಗಟ್ಟಲೆ ಹಾಗೆ ಇಳಿದಾಗ ಮರಳಿನ ಮೇಲ್ಮುಖದಲ್ಲಿ ಪಾಚಿಯಂತಹ ತೆಳುವಾದ ಒಂದು ಜೀವಪದರ ಕಟ್ಟುತ್ತದೆ. ರೋಗಾಣುಗಳನ್ನು ಹಿಡಿದು ತಿನ್ನುವುದರಲ್ಲಿ ಹೆಚ್ಚಿನ ಪಾಲು ಆ ಪದರದ್ದು. ನಾವು ತೋಡುವ ಒರತೆಯಲ್ಲಿ ಅಂತಹ ಪದರವೂ ಇಲ್ಲ, ಅಷ್ಟು ಕಾಲವೂ ಇಲ್ಲ. ಎರಡು ಮಾರು ದೂರದ ಹೊಳೆ ನೀರು ದಪ್ಪ ಮರಳಿನ ಸಂದಿಯಲ್ಲಿ ಸರಸರನೆ ನುಗ್ಗಿ ಬರುತ್ತದೆ. ಕೆಸರು ನಿಲ್ಲುತ್ತದೆ, ಕ್ರಿಮಿ ನಿಲ್ಲುವ ಭರವಸೆಯಿಲ್ಲ. ಮೇಲಾಗಿ ಒರತೆ ತೋಡಿದ ಕೈ ಯಾವ ಕೈ, ಅದೇ ದಂಡೆಯಲ್ಲಿ ಬೆಳಿಗ್ಗೆ ಚೆಂಬು ಹಿಡಿದು ಕೂತವರು ಯಾರು? ಒರತೆ ನೀರು ಹೊಳೆ ನೀರಿಗಿಂತ ಮೇಲು. ಸೋಸುವ ಅರ್ಧ ಕೆಲಸವನ್ನು ಅದು ಮಾಡಿಕೊಡುತ್ತದೆ. ಉಳಿದರ್ಧ ನಿಮ್ಮದು.

ಆ ಉಳಿದರ್ಧದಲ್ಲಿ ಎಲ್ಲಕ್ಕಿಂತ ನಂಬಿಕಸ್ತವಾದುದು ಒಲೆ. ನೀರು ಕುದಿಸಿದರೆ ಕಾಲರಾ, ವಿಷಮಶೀತ, ಕಾಮಾಲೆ, ಆಮಶಂಕೆ ಎಲ್ಲದರ ರೋಗಾಣುಗಳೂ ಸಾಯುತ್ತವೆ. ಆದರೆ ಎಷ್ಟು ಹೊತ್ತು ಕುದಿಸಬೇಕು? ಹಳ್ಳಿಗಳಲ್ಲಿ ಕೇಳಿದರೆ ಹತ್ತು ನಿಮಿಷ, ಇಪ್ಪತ್ತು ನಿಮಿಷ ಎನ್ನುತ್ತಾರೆ. ಎಲ್ಲೋ ಕೇಳಿದ ಹಳೆಯ ಪಾಠ. ನನ್ನ ಅಭಿಪ್ರಾಯದಲ್ಲಿ ಈ ಇಪ್ಪತ್ತು ನಿಮಿಷದ ಪಾಠದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮಳೆಗಾಲದಲ್ಲಿ ಸೌದೆ ಹಸಿ, ಅನಿಲದ ಸಿಲಿಂಡರು ಮುಗಿಯುತ್ತ ಬಂದಿದೆ. ಇಪ್ಪತ್ತು ನಿಮಿಷ ಎಂದೊಡನೆ ಗೃಹಿಣಿ, ಇದು ನಮ್ಮಿಂದಾಗದು ಎಂದು ಕಾಯಿಸುವುದನ್ನೇ ಬಿಡುತ್ತಾಳೆ. ವಾಸ್ತವವಾಗಿ ನೀರು ತಳದಿಂದ ಗುಳುಗುಳು ಎಂದು ಉಕ್ಕಿ ಹೊರಳಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ನಮ್ಮ ಜಿಲ್ಲೆಯ ಎತ್ತರಕ್ಕೆ ಇದು ಧಾರಾಳವಾಯಿತು. ಊಟಿಯಷ್ಟು ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಅಲ್ಲಿ ಮೂರು ನಿಮಿಷ ಬೇಕು. ಬೆಚ್ಚಗಾದರೆ ಸಾಲದು, ಆವಿ ಬಂದರೂ ಸಾಲದು, ಹೊರಳಬೇಕು. ಅನ್ನ ಬೇಯಿಸುವ ನೀರನ್ನು ನೋಡಿ ಬಲ್ಲವರಿಗೆ ಇದನ್ನು ಗಡಿಯಾರವಿಟ್ಟು ಕಲಿಸಬೇಕಾಗಿಲ್ಲ.

ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿರಿ. ಆರಿದ ಮೇಲೆ ಲೋಟ ಹಿಡಿದ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಉದ್ದ ಹಿಡಿಯ ಸೌಟು ಇರಲಿ, ಇಲ್ಲವೇ ಬಿಂದಿಗೆಯಿಂದ ಬಗ್ಗಿಸಿಕೊಳ್ಳಿ.

ಕುದಿಸಲು ಒಲೆಯೇ ಇಲ್ಲವೆಂದರೆ? ಕಾಳಜಿ ಕೇಂದ್ರದ ಶಾಲೆಯಲ್ಲಿ, ಜಮೀನಿನ ಅಟ್ಟಣೆಯಲ್ಲಿ ಅಂತಹ ಸ್ಥಿತಿ ಬರುತ್ತದೆ. ಅಲ್ಲಿ ಬ್ಲೀಚಿಂಗ್ ಪುಡಿ, ಅಂದರೆ ಚೆಲುವೆ ಪುಡಿ, ನೆರವಿಗೆ ಬರುತ್ತದೆ. ಆದರೆ ಕೆಸರು ನೀರಿಗೆ ನೇರವಾಗಿ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿನ ಮೇಲೆಯೇ ಖರ್ಚಾಗುತ್ತದೆ. ಗೊಬ್ಬರ ಹಾಕುವ ಮೊದಲು ಕಳೆ ಕೀಳುವುದಿಲ್ಲವೇ, ಇದೂ ಹಾಗೆಯೇ. ಮೊದಲು ನೀರನ್ನು ಅಲುಗಿಸದೆ ನಿಲ್ಲಿಸಿ ಕೆಸರು ಇಳಿಸಬೇಕು. ಪಟಿಕದ ತುಂಡನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಬೇಗ ಇಳಿಯುತ್ತದೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜುತ್ತಿದ್ದರು. ಬಲಿತ ನುಗ್ಗೆ ಬೀಜದ ಪುಡಿಯೂ ಅದೇ ಕೆಲಸ ಮಾಡುತ್ತದೆ. ಇವು ಒಳ್ಳೆಯ ವಿದ್ಯೆಗಳೇ. ಆದರೆ ಇವು ನೀರನ್ನು ತಿಳಿಗೊಳಿಸುತ್ತವೆಯೇ ಹೊರತು ಶುದ್ಧಿಗೊಳಿಸಿದವೆಂದು ನಂಬಿ ಕೂರುವಂತಿಲ್ಲ.

ತಿಳಿಯಾದ ಮೇಲೆ ಹಳೆಯ ಹತ್ತಿ ಸೀರೆಯಲ್ಲಿ ಸೋಸಿರಿ. ಹಳೆಯ ಸೀರೆ ಎಂದು ಸುಮ್ಮನೆ ಹೇಳುತ್ತಿಲ್ಲ. ಒಗೆದು ಒಗೆದು ನೂಲು ಸಡಿಲಿ ಹರಡಿಕೊಂಡಿರುವುದರಿಂದ ಹಳೆಯ ಬಟ್ಟೆಯ ಸಂದು ಹೊಸದಕ್ಕಿಂತ ಸಣ್ಣದು. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ 65 ಹಳ್ಳಿಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಸೀರೆಯನ್ನು ನಾಲ್ಕು ಬಾರಿ ಮಡಿಸಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದು 2003ರಲ್ಲಿ ವರದಿಯಾಯಿತು. ಕಾಲರಾ ಕ್ರಿಮಿಗಳು ನೀರಿನಲ್ಲಿರುವ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತವಾದ್ದರಿಂದ ಹುಳುವಿನೊಂದಿಗೆ ಅವೂ ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಅರ್ಧ ಇಳಿಯಿತೆಂದರೆ ಇನ್ನರ್ಧ ಉಳಿಯಿತೆಂದೇ ಅರ್ಥ. ಆದುದರಿಂದ ಸೋಸಿದ ಮೇಲೆ ಮದ್ದು.

ಈಗ ಅಳತೆ. ರೈತರಿಗೆ ಅಳತೆ ಹೊಸದಲ್ಲ. 16 ಲೀಟರಿನ ಸಿಂಪಡಿಕೆ ಟ್ಯಾಂಕಿಗೆ ಎಷ್ಟು ಮಿಲಿ ಔಷಧಿ ಎಂಬುದನ್ನು ಬಾಯಲ್ಲೇ ಹೇಳುತ್ತೀರಿ. ಒಂದು ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 33 ಗ್ರಾಂ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಣ್ಣದ ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿಗೆ ಬಸಿದುಕೊಳ್ಳಿ. ಇದು ಮೂಲದ್ರಾವಣ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳಿಗೆ ಎಟುಕದಂತೆ ಕತ್ತಲಲ್ಲಿಡಿ, ವಾರಕ್ಕೊಮ್ಮೆ ಹೊಸದು ಮಾಡಿಕೊಳ್ಳಿ. 20 ಲೀಟರಿನ ಒಂದು ಕ್ಯಾನು ತಿಳಿನೀರಿಗೆ ಈ ದ್ರಾವಣ 3 ಮಿಲಿ. ಸ್ವಲ್ಪ ಮಬ್ಬಾಗಿಯೇ ಇದ್ದರೆ 6 ಮಿಲಿ. ಮಕ್ಕಳ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಸಾಕು. ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಡಬೇಕು. ಆಮೇಲೆ ಮೂಸಿ ನೋಡಿದರೆ ತುಸು ಮದ್ದಿನ ವಾಸನೆ ಇರತಕ್ಕದ್ದು. ವಾಸನೆಯೇ ಇಲ್ಲವಾದರೆ ಮತ್ತೊಮ್ಮೆ ಅಷ್ಟೇ ಹಾಕಿ ಇನ್ನರ್ಧ ಗಂಟೆ ಕಾಯಿರಿ. ವಾಸನೆ ಎಂದು ಮೂಗು ಮುರಿಯುವವರು ಬಹಳ. ಎರಡು ಪಾತ್ರೆಗಳ ನಡುವೆ ನಾಲ್ಕು ಬಾರಿ ಎತ್ತಿ ಹೊಯ್ದರೆ ಅದು ತಗ್ಗುತ್ತದೆ.

ಬಾವಿಗಾದರೆ ಹೀಗೆ. ಬಾವಿಯ ಅಡ್ಡಗಲವನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು 22ರಿಂದ ಗುಣಿಸಿದರೆ ಸುಮಾರಾಗಿ ಲೀಟರ್ ಲೆಕ್ಕ ಸಿಗುತ್ತದೆ. 10 ಅಡಿ ಅಗಲದ ಬಾವಿಯಲ್ಲಿ 12 ಅಡಿ ನೀರಿದ್ದರೆ 26,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 66 ಗ್ರಾಂ ಪುಡಿ. ಪ್ರವಾಹದ ದಿನಗಳಲ್ಲಿ ಅದರ ಎರಡರಷ್ಟು, 132 ಗ್ರಾಂ. ಒಂದು ಬಕೆಟ್ಟು ನೀರಿಗೆ 100 ಗ್ರಾಂ ಮೀರದಂತೆ ಕಲಸಿ, ಸುಣ್ಣ ಇಳಿಯಲು ಹತ್ತು ನಿಮಿಷ ಬಿಟ್ಟು, ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ನೀರಿನ ಒಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗಬೇಕು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರು ಗಡಸಾಗುತ್ತದೆ. ಒಂದು ಗಂಟೆಯಾದ ಮೇಲೆ ಸೇದಬಹುದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ಉತ್ತಮ.

ಪ್ರವಾಹದ ನೀರೇ ನುಗ್ಗಿದ ಬಾವಿಗೆ ಇಷ್ಟು ಸಾಲದು. ಹೊಳೆ ಇಳಿದ ಮೇಲೆ ನೀರು ಹೊಡೆಸಿ, ಹೂಳು ತೆಗೆಸಿ, ಕಟ್ಟಡದ ಒಳಮೈಯನ್ನು ಬ್ಲೀಚಿಂಗ್ ನೀರಿನಿಂದ ಉಜ್ಜಿಸಿದ ಮೇಲೆಯೇ ಮದ್ದಿನ ಮಾತು. ಆದರೆ ಸುತ್ತಣ ಮಣ್ಣು ನೆನೆದಿರುವಾಗ ಮೋಟಾರಿಟ್ಟು ಒಂದೇ ಸಮನೆ ಬರಿದು ಮಾಡಿದರೆ ಕಲ್ಲುಕಟ್ಟಡ ಒಳಕ್ಕೆ ಕುಸಿಯುವುದುಂಟು. ದಿನಕ್ಕಿಷ್ಟೆಂದು ಇಳಿಸಿರಿ.

ಕೃಷಿಕರಿಗೆ ವಿಶೇಷವಾಗಿ ಹೇಳಬೇಕಾದ ಎರಡು ಮಾತುಗಳಿವೆ. ಬ್ಲೀಚಿಂಗ್ ಪುಡಿಯನ್ನು ಗೊಬ್ಬರದ ಕೊಟ್ಟಿಗೆಯಲ್ಲಿ ಇಡಲೇಬೇಡಿ. ಯೂರಿಯಾ, ಅಮೋನಿಯಂ ಗೊಬ್ಬರಗಳೊಂದಿಗೆ ಅದು ಬೆರೆತರೆ ವಿಷಾನಿಲ ಹುಟ್ಟುತ್ತದೆ, ಸಿಡಿಯಲೂಬಹುದು. ಕಕ್ಕಸು ತೊಳೆಯುವ ಆಮ್ಲದ ಹತ್ತಿರವೂ ಕೂಡದು. ಎರಡನೆಯದು, ಕುದಿಸುವುದಾಗಲಿ ಬ್ಲೀಚಿಂಗ್ ಪುಡಿಯಾಗಲಿ ಕ್ರಿಮಿಗಳನ್ನು ಕೊಲ್ಲಬಲ್ಲುದೇ ವಿನಾ ಕೀಟನಾಶಕವನ್ನು ತೆಗೆಯಲಾರದು. ಸಿಂಪಡಿಸಿದ ಗದ್ದೆಯ ಮೇಲೆ ಹಾಯ್ದು ಬಂದ ನೀರು, ಕೀಟನಾಶಕದ ಗೋದಾಮು ಮುಳುಗಿದ ಕಡೆಯ ನೀರು, ಕಾರ್ಖಾನೆಯ ಮೋರಿಯ ನೀರು ಎಷ್ಟು ಕುದಿಸಿದರೂ ಕುಡಿಯಲು ಬಾರದು. ಗೊಬ್ಬರದ ನೈಟ್ರೇಟಂತೂ ಕುದಿಸಿದಷ್ಟೂ ಸಾಂದ್ರವಾಗುತ್ತದೆ. ಅಂತಹ ಕಡೆ ಮಳೆನೀರೇ ಗತಿ. ಮೊದಲ ಮಳೆಗೆ ಮಾಳಿಗೆ ತೊಳೆದುಹೋಗಲಿ. ಆಮೇಲಿನದನ್ನು ತೊಳೆದ ಹಂಡೆಗೆ ಹಿಡಿದು ಕುದಿಸಿ ಕುಡಿಯಿರಿ. ಇನ್ನು, ಔಷಧಿಯ ಖಾಲಿ ಡಬ್ಬಿಯನ್ನು ಬೂದಿಯಲ್ಲಿ ತಿಕ್ಕಿ ನೀರಿಗೆ ಬಳಸುವವರನ್ನು ಈಗಲೂ ಕಾಣುತ್ತೇವೆ. ಇಷ್ಟು ವರ್ಷ ಹೇಳಿದ ಮೇಲೂ ಹೇಳಬೇಕಾಗಿರುವುದು ನಮ್ಮ ದುರದೃಷ್ಟ. ಆ ಡಬ್ಬಿಯನ್ನು ತೂತು ಮಾಡಿ ಕೆಡಿಸಿಬಿಡಿ.

ಜಾತ್ರೆ, ಪಾದಯಾತ್ರೆಗಳಿಗೆ ಹೋಗುವವರ ಮಾತು ಸ್ವಲ್ಪ. 2025ರ ಫೆಬ್ರವರಿ 10ರಿಂದ 12ರವರೆಗೆ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯಿತು. ಅಷ್ಟು ಜನ ಮಿಂದ ನೀರು ಕೆಳಗಿನ ಊರುಗಳಿಗೆ ಎಂತಹುದು ಎಂಬುದನ್ನು ಹೇಳಬೇಕಾಗಿಲ್ಲ. ತಾಳುಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ನಡೆಯುವವರು, ಹೊಲದಲ್ಲಿ ರಾತ್ರಿ ಕಾವಲಿರುವವರು ಕ್ಲೋರಿನ್ ಮಾತ್ರೆಗಳ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟರೆ ಎಲೆ ಅಡಿಕೆಯಷ್ಟೂ ಭಾರವಿಲ್ಲ. ಮಾತ್ರೆಗಳು ಬೇರೆ ಬೇರೆ ಶಕ್ತಿಯವು. ಒಂದಕ್ಕೆ ಎಷ್ಟು ಲೀಟರ್ ಎಂಬುದನ್ನು ಪಟ್ಟಿಯ ಮೇಲೆ ಓದಿಯೇ ಹಾಕಬೇಕು.

ಬಿಸಿಲಿರುವ ದಿನ ಇನ್ನೊಂದು ಉಪಾಯವಿದೆ. ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ, ಎರಡು ಲೀಟರಿಗಿಂತ ದೊಡ್ಡದು ಬೇಡ, ಅದರಲ್ಲಿ ತಿಳಿನೀರು ತುಂಬಿ ತಗಡಿನ ಮೇಲೆ ಆರು ಗಂಟೆ ಬಿಸಿಲಿಗೆ ಮಲಗಿಸಿದರೆ ಸೂರ್ಯನೇ ಕ್ರಿಮಿಗಳನ್ನು ಕೊಲ್ಲುತ್ತಾನೆ. ಅರ್ಧ ಆಕಾಶಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ ಬೇಕು; ಜಡಿಮಳೆಯಲ್ಲಿ ಇದು ನಡೆಯದು. ನೀರು ಸಾಕಷ್ಟು ತಿಳಿಯೇ ಎಂದು ನೋಡಲು ಈ ಪತ್ರಿಕೆಯೇ ಸಾಕು. ಬಾಟಲಿಯನ್ನು ತಲೆಬರಹದ ಮೇಲೆ ನಿಲ್ಲಿಸಿ ಬಾಯಿಂದ ಕೆಳಕ್ಕೆ ನೋಡಿ, ದಪ್ಪ ಅಕ್ಷರ ಓದಲು ಬಂದರೆ ಸರಿ. ತಾಮ್ರದ ಚೆಂಬಿನ ಬಗ್ಗೆಯೂ ಕೇಳುತ್ತಾರೆ. ಅದು ಮೂಢನಂಬಿಕೆಯಲ್ಲ, 16 ಗಂಟೆ ತಾಮ್ರದಲ್ಲಿಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಉಳಿಯಲಿಲ್ಲವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಆದರೆ ನೆರೆಯ ನೀರಿಗೆ, ಬಾಯಾರಿದ ಮಕ್ಕಳಿಗೆ 16 ಗಂಟೆ ಕಾಯುವವರು ಯಾರು?

ಇಷ್ಟಾಗಿಯೂ ಯಾರಿಗಾದರೂ ಭೇದಿ ಹತ್ತಿದರೆ ನೀರು ಕೊಡುವುದನ್ನು ನಿಲ್ಲಿಸಬಾರದು. ಆಶಾ ಕಾರ್ಯಕರ್ತೆಯ ಬಳಿ ಜೀವಜಲದ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಗೋಪುರವಿಲ್ಲದಂತೆ ಸಮನಾಗಿ ಅಳೆದು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಯ ದಾರಿ ಹಿಡಿಯಿರಿ.

ಇಲ್ಲಿ ಹೇಳಿದ್ದರಲ್ಲಿ ದುಬಾರಿಯಾದುದು ಏನೂ ಇಲ್ಲ. ಆದರೂ ನಡೆಯುವುದಿಲ್ಲ, ಏಕೆಂದರೆ ಎಲ್ಲವನ್ನೂ ನೀರು ಬಂದ ಮೇಲೆ ಹುಡುಕುತ್ತೇವೆ. ನನ್ನ ಕೇಳಿಕೆ ಇಷ್ಟು: ಹೊಳೆಸಾಲಿನ ಪ್ರತಿ ಪಂಚಾಯಿತಿಯೂ ಮೇ ತಿಂಗಳ ಒಳಗೆ ಊರಿನ ಒಂದಾದರೂ ಸೇದುವ ಬಾವಿಯನ್ನು ಶುಚಿ ಮಾಡಿಸಿ, ಅದರ ಅಗಲವನ್ನು ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಲಿ. ಪುಡಿಯನ್ನು ಗೊಬ್ಬರದಂಗಡಿಯ ಅಂದಾಜಿಗೆ ಬಿಡದೆ ತೂಕ ಮಾಡಿಸಿ ಪೊಟ್ಟಣ ಕಟ್ಟಿಸಿ, ಎತ್ತರದಲ್ಲಿರುವ ಯಾರಾದರೊಬ್ಬರ ಮನೆಯಲ್ಲಿಡಲಿ. ಪಂಚಾಯಿತಿ ಕಚೇರಿಯ ಬೀರುವಿನಲ್ಲಿಟ್ಟರೆ ಬೀಗದ ಕೈ ಇರುವಾತ ಆ ದಿನ ಹೊಳೆಯ ಆಚೆ ದಡದಲ್ಲಿರುತ್ತಾನೆ. ವಾಚನಾಲಯದ ಹುಡುಗರು ಮೇಲಿನ ಅಳತೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಪುಡಿಗೆ ಆಯುಸ್ಸು ಕಡಿಮೆ, ಗಾಳಿ ತೇವ ಸೋಕಿದಂತೆ ಸತ್ವ ಹಾರಿಹೋಗುತ್ತದೆ. ಹೋದ ವರ್ಷದ ಡಬ್ಬಿ ಇದ್ದರೆ ಮುಚ್ಚಳ ತೆಗೆದು ನೋಡಿ; ಮೂಗಿಗೆ ಘಾಟು ಬಡಿಯದಿದ್ದರೆ ಅದು ಬರಿಯ ಸುಣ್ಣ, ಹೊಸದು ತರಿಸಿ.